ಡೆಲ್ಫಾ ಓದಬೇಕಾಗಿ ಬಂದ ಹೆಸರು

ಡೆಲ್ಫಾ ಸ್ಟ್ರೌಡ್ ನನ್ನನ್ನು ಮೊದಲ ಸಲ ಕಂಡಾಗ ನೋಡಿದ್ದು ನನ್ನ ಮುಖವನ್ನಲ್ಲ, ಕಾಲನ್ನು. ಮಿಸೂರಿ ಸೀಮೆಯ ಲಿಂಡನ್ ಫೋರ್ಡ್ ಎಂಬ ಸಣ್ಣ ಊರಿನ ಹೈಸ್ಕೂಲಿಗೆ ನಾನು ಲೆಕ್ಕದ ಮೇಷ್ಟ್ರಾಗಿ ಹೋದದ್ದು ೧೯೭೪ರ ಆಗಸ್ಟಿನಲ್ಲಿ. ಬಾಡಿಗೆ ಮನೆಯ ಬೀಗ ತೆಗೆದು ಅರ್ಧ ಗಂಟೆಯೂ ಆಗಿರಲಿಲ್ಲ. ಪಕ್ಕದ ಮನೆಯ ಹೆಂಗಸು ಮೆಕ್ಕೆಜೋಳದ ಬಿಸಿ ಬ್ರೆಡ್ಡನ್ನು ಬಾಣಲೆ ಸಮೇತ ತಂದು ಮೆಟ್ಟಿಲ ಮೇಲಿಟ್ಟು, “ಒಂದು ಶೂ ಬಿಚ್ಚಿ ಕೊಡಿ ಮೇಷ್ಟ್ರೇ” ಎಂದಳು. ನಾನು ಬೆರಗಾಗಿ ಬಿಚ್ಚಿಕೊಟ್ಟೆ. ಆಕೆ ಅದರ ನಾಲಗೆಯನ್ನು ಮಗುಚಿ ಒಳಗೆ ಇಣುಕಿದಳು.

“ಕಾರ್ಮಿಕ ಸಂಘದ ಮುದ್ರೆ ಇಲ್ಲ. ಯಾರೋ ಹೊಟ್ಟೆಗಿಲ್ಲದೋರು ಹೊಲಿದಿದ್ದು. ಪಾಪ, ನಿಮಗೇನು ಗೊತ್ತು. ಮುಂದಿನ ಸಲ ನಮ್ಮ ಊರಲ್ಲೇ ತಗೊಳ್ಳಿ. ಬ್ರೆಡ್ ತಿನ್ನಿ, ಆರಿಹೋಗತ್ತೆ.”

ಅಂದಿನಿಂದ ನಾವು ನೆರೆಹೊರೆ. ಮುಂದೆ ಹೇಳುವುದೆಲ್ಲ ಆಕೆಯೂ ಆಕೆಯ ಗಂಡ ಎಮೆಟನೂ ತಮ್ಮ ಮನೆಯ ಜಗಲಿಯ ಮೇಲೆ ಕೂತು ನನಗೆ ಹೇಳಿದ್ದು.

ಆ ಊರಿನ ಅನ್ನ ಬರುತ್ತಿದ್ದದ್ದು ಶೂ ಕಾರ್ಖಾನೆಯಿಂದ. ಡೆಲ್ಫಾ ಹತ್ತೊಂಬತ್ತನೆಯ ವಯಸ್ಸಿನಿಂದ ಅಲ್ಲಿ ಹೊಲಿಗೆ ವಿಭಾಗದಲ್ಲಿದ್ದಳು. ಎಮೆಟ್ ಚರ್ಮ ಕತ್ತರಿಸುವ ವಿಭಾಗದವನು. ಒಳಗೆ ಕೆಲಸಕ್ಕೆ ಸೇರಿದವರು ಮೂವತ್ತು ದಿನದೊಳಗೆ ಕಾರ್ಮಿಕ ಸಂಘಕ್ಕೂ ಸೇರಬೇಕು, ಸೇರದಿದ್ದರೆ ಕೆಲಸವಿಲ್ಲ. ಕಂಪನಿಗೂ ಸಂಘಕ್ಕೂ ಹಾಗೆಂದು ಒಪ್ಪಂದವಿತ್ತು. ಡೆಲ್ಫಾ ಇಪ್ಪತ್ತೆರಡು ವರ್ಷ ಆ ಸಂಘದ ಕಾರ್ಯದರ್ಶಿ. ನಡವಳಿ ಬರೆಯುವುದು, ಕಂಪನಿಗೆ ಪತ್ರ ಬರೆಯುವುದು, ಸಭೆಯಲ್ಲಿ ಎದ್ದು ನಿಂತು ಎಲ್ಲವನ್ನೂ ಓದಿ ಹೇಳುವುದು ಅವಳ ಕೆಲಸ. ಅವಳ ಓದನ್ನು ನಾನೂ ಕೇಳಿದ್ದೇನೆ. ಡೆಲ್ಫಾ ಓದಿದರೆ ಅಲ್ಪವಿರಾಮ ಕೂಡ ಹಿಂದಿನ ಬೆಂಚಿಗೆ ಕೇಳುತ್ತಿತ್ತು.

೧೯೭೮ರ ವಸಂತದಲ್ಲಿ ಸೀಮೆಯ ತುಂಬ ಒಂದು ಅರ್ಜಿ ಓಡಾಡಿತು. ಸಂಘಕ್ಕೆ ಸೇರಲಿ ಬಿಡಲಿ, ಚಂದಾ ಕೊಡಲಿ ಬಿಡಲಿ, ಯಾರ ಕೆಲಸವೂ ಹೋಗಕೂಡದು ಎಂದು ಸಂವಿಧಾನಕ್ಕೆ ತಿದ್ದುಪಡಿಯಾಗಬೇಕು. ಸಾಕಷ್ಟು ಜನ ಸಹಿ ಹಾಕಿದರೆ ನವೆಂಬರಿನಲ್ಲಿ ಎಲ್ಲರೂ ವೋಟು ಹಾಕಿ ತೀರ್ಮಾನಿಸಬೇಕು. ‘ದುಡಿಯುವ ಹಕ್ಕು’ ಎಂದು ಅದಕ್ಕೆ ಹೆಸರು. ಸಂಘದವರಿಗೆ ಅದು ಕುತ್ತಿಗೆಗೆ ಬಂದ ಕುಣಿಕೆ. ಸೇರದವನಿಗೂ ಅದೇ ಕೂಲಿ ಸಿಗುವುದಾದರೆ ಸೇರುವವರು ಯಾರು, ಸಂಘವೇ ಇಲ್ಲವಾದರೆ ಕೂಲಿ ಏರುವುದು ಹೇಗೆ ಎಂಬುದು ಅವರ ವಾದ. ಡೆಲ್ಫಾಳ ವಾದವೂ ಅದೇ, ಇವತ್ತಿಗೂ ಅದೇ.

ಸಹಿಗಳು ಸಾಕಷ್ಟು ಬಿದ್ದವು. ಸಹಿಯ ಹಾಳೆಗಳು ಪರಿಶೀಲನೆಗೆಂದು ನ್ಯಾಯಾಲಯದ ಕಟ್ಟಡಕ್ಕೆ ಬಂದಾಗ ಅವನ್ನು ಯಾರು ಬೇಕಾದರೂ ನೋಡಬಹುದಾಗಿತ್ತು. ಸಂಘದ ಮೂವರು ಹೆಂಗಸರು ನಾಲ್ಕು ದಿನ ಕೂತು ನಮ್ಮ ಊರಿನವರ ಹೆಸರುಗಳನ್ನೆಲ್ಲ ಕೈಯಲ್ಲೇ ನಕಲು ಮಾಡಿಕೊಂಡರು. ಅವರಲ್ಲೊಬ್ಬಳು ಓಪಲ್. ಡೆಲ್ಫಾಳ ಪಕ್ಕದ ಯಂತ್ರದಲ್ಲಿ ಹೊಲಿಯುವವಳು, ಅವಳ ಜೀವದ ಗೆಳತಿ.

“ಭಾನುವಾರದ ಸಭೇಲಿ ಅಷ್ಟೂ ಹೆಸರನ್ನ ಓದಿಬಿಡೋಣ” ಎಂದು ಸಂಘದ ಅಧ್ಯಕ್ಷ ಬರ್ಲ್ ಹೇಳಿದ. “ನಾವು ಯಾರ ಅಂಗಡೀಲಿ ಕಾಫಿಪುಡಿ ತಗೋತೀವೋ ಅವರು ನಮ್ಮ ಬಗ್ಗೆ ಏನಂದ್ಕೊಂಡಿದಾರೆ, ಗೊತ್ತಾಗ್ಲಿ.”

ಭಾನುವಾರ ಚರ್ಚು ಮುಗಿದು ಮಧ್ಯಾಹ್ನದ ಊಟವಾದ ಮೇಲೆ ಸಭೆ. ಮೆಟ್ಟಿಲ ಹತ್ತಿರವೇ ಓಪಲ್ ಡೆಲ್ಫಾಳ ತೋಳು ಹಿಡಿದಳು.

“ಇವತ್ತು ನೀನು ಓದ್ಬೇಡ ಕಣೇ. ನಿನ್ನ ಗಂಟಲು ಕಟ್ಟಿದೆ.”

“ನನ್ನ ಗಂಟಲಿಗೇನಾಗಿದೆ? ನಿನಗೆ ಓದೋ ಆಸೆ ಇದ್ರೆ ನೆಟ್ಟಗೆ ಹೇಳು.”

ಓಪಲ್ ಮುಂದಿನ ಬೆಂಚಿನಲ್ಲಿ ಹೋಗಿ ಕೂತು ಕೈಚೀಲದ ಗುಂಡಿಯನ್ನು ತೆಗೆದು ಹಾಕಿ ಮಾಡುತ್ತಿದ್ದಳು.

ಡೆಲ್ಫಾಳೇ ಓದತೊಡಗಿದಳು. ಮೊದಮೊದಲು ನಗೆಯೋ ನಗೆ. ಗಡಿಯಾರದಂಗಡಿಯವನ ಹೆಸರು ಬಂದಾಗ ಯಾರೋ, “ಅವನ ಗಡಿಯಾರ ಸರಿಯಾದ ಹೊತ್ತು ತೋರಿಸಿದ್ದು ಯಾವತ್ತು?” ಎಂದರು. ಹಲ್ಲಿನ ಡಾಕ್ಟರ ಹೆಸರಿಗೆ ಒಬ್ಬ ದವಡೆ ಹಿಡಿದುಕೊಂಡು ನರಳಿ ತೋರಿಸಿದ. ಆಮೇಲೆ ಒಂದು ಹೆಸರಿಗೆ ಹೊಲಿಗೆ ವಿಭಾಗದ ಒಬ್ಬಳು ಎದ್ದು, “ಅದು ನಮ್ಮತ್ತೆ, ಡೆಲ್ಫಾ. ಎಂಬತ್ತೊಂದು ವರ್ಷ. ಅದೊಂದು ಬಿಟ್ಟುಬಿಡೇ” ಎಂದು ಬೇಡಿಕೊಂಡಳು.

“ಎಂಬತ್ತೊಂದಕ್ಕೂ ಕೈ ನಡುಗದೆ ಸಹಿ ಹಾಕಿದಾಳಲ್ಲ” ಎಂದಳು ಡೆಲ್ಫಾ. “ಒಬ್ಬರದು ಬಿಟ್ರೆ ಎಲ್ಲರದೂ ಬಿಡ್ಬೇಕು.” ಮನೆಯ ನಂಬರು ಸಮೇತ ಓದಿದಳು. ಚಪ್ಪಾಳೆ ಬಿತ್ತು.

ಹದಿನೇಳನೆಯ ಹಾಳೆಯ ನಡುವಿನಲ್ಲಿ ಅವಳ ಕಣ್ಣು ನಾಲಗೆಗಿಂತ ಎರಡು ಸಾಲು ಮುಂದೆ ಹೋಯಿತು. ಅಲ್ಲಿ ಓಪಲಳ ದುಂಡನೆಯ ಅಕ್ಷರದಲ್ಲಿ ಬರೆದಿತ್ತು: ಎಮೆಟ್ ಎಲ್. ಸ್ಟ್ರೌಡ್, ೨೧೪, ಎಲ್ಮ್ ಬೀದಿ.

ಆಕೆ ನನಗೆ ಹೇಳಿದ್ದು ಹೀಗೆ: ಆ ಕ್ಷಣಕ್ಕೆ ಅವಳಿಗೆ ಸಿಟ್ಟು ಬರಲಿಲ್ಲ, ದುಃಖವೂ ಬರಲಿಲ್ಲ. ಹೊಲಿಯುವಾಗ ಸೂಜಿ ಬೆರಳ ಉಗುರನ್ನು ತೂರಿಕೊಂಡು ಹೋದರೆ ಮೊದಲು ನೋವಾಗುವುದಿಲ್ಲವಂತೆ. ಬೆರಳು ಯಂತ್ರಕ್ಕೆ ಅಂಟಿಕೊಂಡದ್ದನ್ನು ಸುಮ್ಮನೆ ನೋಡುತ್ತ ನಿಲ್ಲುತ್ತಾರಂತೆ. ಹಾಗೆ ನೋಡಿದಳು. ಹಿಂದಿನ ಬೆಂಚಿನಲ್ಲಿ ಕತ್ತರಿಸುವ ವಿಭಾಗದವರ ನಡುವೆ ಎಮೆಟ್ ಟೋಪಿಯನ್ನು ಮೊಣಕಾಲಿಗೆ ಸಿಕ್ಕಿಸಿಕೊಂಡು ಕೂತಿದ್ದ.

ಮೇಲಿನ ಎರಡು ಹೆಸರು ಓದಿದಳು. ಆಮೇಲೆ ಅದನ್ನೂ ಓದಿದಳು. ಅದರ ಕೆಳಗಿನ ಹೆಸರನ್ನೂ ಓದಿದಳು, ಆದರೆ ಅದು ಯಾರಿಗೂ ಕೇಳಲಿಲ್ಲ.

ಎಲ್ಲರ ತಲೆಯೂ ಹಿಂದಿನ ಬೆಂಚಿನ ಕಡೆ ತಿರುಗಿತ್ತು. ಬರ್ಲ್, “ಸೋದರಿ ಸ್ಟ್ರೌಡ್, ಆ ಸಾಲು ಇನ್ನೊಂದ್ಸಲ ಓದಮ್ಮ” ಎಂದ. ಡೆಲ್ಫಾ ಇನ್ನೊಂದು ಸಲ ಓದಿದಳು. ಎಮೆಟ್ ಎದ್ದು ನಿಂತ.

“ಅದು ನಾನೇ” ಎಂದ. ಟೋಪಿ ಹಾಕಿಕೊಂಡು ಹೊರಗೆ ಹೋದ.

ಸಂಘದ ವಿರುದ್ಧ ನಡೆದ ಸದಸ್ಯನನ್ನು ಹೊರಗೆ ಹಾಕಬಹುದೆಂದು ಸಂಘದ ನಿಯಮವಿತ್ತು. ಒಂದು ವಾರ ಮೊದಲು ತಿಳಿಸಬೇಕು, ಮುಂದಿನ ಭಾನುವಾರ ಸಭೆಯೇ ತೀರ್ಮಾನಿಸಬೇಕು. ಎಮೆಟನನ್ನು ಹೊರಗೆ ಹಾಕಬೇಕೆಂದು ಬರ್ಲ್ ಅಲ್ಲೇ ಸೂಚನೆ ಮಂಡಿಸಿದ. ಸಂಘದಿಂದ ಹೊರಗೆ ಬಿದ್ದವನಿಗೆ ಕಾರ್ಖಾನೆಯಲ್ಲಿ ಜಾಗವಿಲ್ಲವೆಂಬುದು ಕೂತಿದ್ದ ಅಷ್ಟೂ ಜನಕ್ಕೆ ಗೊತ್ತಿತ್ತು. ಎಮೆಟನಿಗೆ ಐವತ್ತೇಳು ವರ್ಷ, ಪಿಂಚಣಿಗೆ ಇನ್ನು ಮೂರು ವರ್ಷ. ತೀರ್ಮಾನವಾದರೆ ಅವನನ್ನು ತೆಗೆಯಿರಿ ಎಂದು ಕಂಪನಿಗೆ ಪತ್ರ ಬರೆಯಬೇಕಾದವಳು ಕಾರ್ಯದರ್ಶಿ. ಡೆಲ್ಫಾ ಆ ಸೂಚನೆಯನ್ನೂ ನಡವಳಿ ಪುಸ್ತಕದಲ್ಲಿ ತಪ್ಪಿಲ್ಲದೆ ಬರೆದುಕೊಂಡಳು.

ಮನೆಗೆ ಬಂದಾಗ ಎಮೆಟ್ ಹಿತ್ತಲಲ್ಲಿ ಬೆಂಡೆಕಾಯಿ ಕೊಯ್ಯುತ್ತಿದ್ದ.

“ಯಾವತ್ತು ಹಾಕಿದ್ದು ಸಹಿ?”

“ಏಪ್ರಿಲ್‌ನಲ್ಲಿ. ಬೀಜದಂಗಡಿ ಮುಂದೆ ಕೂತಿದ್ರು.”

“ಕುಡಿದಿದ್ಯಾ?”

“ನಾನು ಕುಡಿಯೋದು ಬಿಟ್ಟು ಹತ್ತು ವರ್ಷ ಆಯ್ತು ಡೆಲ್ಫಾ. ಬಿಡಿಸಿದ್ದು ನೀನೇ.”

“ಮತ್ಯಾಕೆ?”

“ಕ್ಲೀಟಸ್‌ಗೋಸ್ಕರ.”

“ಯಾವ ಕ್ಲೀಟಸ್?”

ಎಮೆಟ್ ಬುಟ್ಟಿಯನ್ನು ಕೆಳಗಿಟ್ಟ. ಹೆಂಡತಿಯನ್ನು ಹೊಸಬಳನ್ನು ನೋಡುವಂತೆ ನೋಡಿದ. ಇಡೀ ಸಂಗತಿಯಲ್ಲಿ ತನ್ನ ಎದೆ ಒಡೆದದ್ದು ಆ ನೋಟಕ್ಕೆ ಎಂದು ಡೆಲ್ಫಾ ಹೇಳುತ್ತಾಳೆ.

“ನಿಜವಾಗ್ಲೂ ಕೇಳ್ತಿದೀಯಾ?” ಎಂದ. “ನಾನು ದಿನಾ ಯಾರ ಪಕ್ಕ ಚರ್ಮ ಕತ್ತರಿಸ್ತಿದ್ದೆ? ಕ್ಲೀಟಸ್ ಯಾರ್ನೆಲ್. ಐವತ್ತೊಂಬತ್ತರಲ್ಲಿ. ಅವನು ಸಂಘಕ್ಕೆ ಸೇರಲಿಲ್ಲ ಅಂತ ಹೊರಗೆ ಹಾಕಿಸಿದ್ರಲ್ಲ, ಅವನು.”

ಆಗ ಅವಳಿಗೆ ಮಸುಕಾಗಿ ನೆನಪಾಯಿತು. ಎತ್ತರದ ಆಳು, ಮೆಲ್ಲನೆ ಮಾತು. ಸಂಘಕ್ಕೆ ಸೇರುವವರು ಬಲಗೈ ಎತ್ತಿ ಆಣೆಯಿಡಬೇಕಾಗಿತ್ತು. ಹೊಳೆಯಾಚೆಯ ದಿಬ್ಬದ ಮೇಲಿನ ಒಂದು ಸಣ್ಣ ಪ್ರಾರ್ಥನಾಸಭೆಯವರು ಯಾವ ಕಾರಣಕ್ಕೂ ಆಣೆಯಿಡುವವರಲ್ಲ. ‘ಹೌದು’ ಎಂದರೆ ಹೌದು, ‘ಇಲ್ಲ’ ಎಂದರೆ ಇಲ್ಲ, ಅದಕ್ಕೆ ದೇವರನ್ನೇಕೆ ಎಳೆಯಬೇಕು ಎನ್ನುವವರು. ಕ್ಲೀಟಸ್ ಆ ಸಭೆಯವನು.

“ಪತ್ರ ಬರೆದವಳು ನೀನೇ” ಎಂದ ಎಮೆಟ್.

“ಹತ್ತೊಂಬತ್ತು ವರ್ಷ ನನ್ನೆದುರಿಗೆ ಕೂತು ಊಟ ಮಾಡಿದೀಯ. ಒಂದು ಮಾತು ಹೇಳ್ಲಿಲ್ಲವಲ್ಲ ಎಮೆಟ್.”

“ಹೇಳಿದ್ರೆ ಏನು ಮಾಡ್ತಿದ್ದೆ? ಬರೆಯೋದು ಬಿಡ್ತಿದ್ಯಾ?”

ಬಿಡುತ್ತಿರಲಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಮಾರನೆಯ ದಿನ ಕೆಲಸ ಬಿಟ್ಟ ಮೇಲೆ ಆಕೆ ಓಪಲಳೊಡನೆ ಸಂಘದ ಕಚೇರಿಗೆ ಹೋಗಿ ಕಬ್ಬಿಣದ ಬೀರು ತೆಗೆದಳು. ಹಳೆಯ ಪತ್ರಗಳ ಕಾರ್ಬನ್ ನಕಲುಗಳೆಲ್ಲ ವರ್ಷದ ಲೆಕ್ಕದಲ್ಲಿ ಕಟ್ಟಿಟ್ಟಿದ್ದವು.

“ನಾನು ಹೇಳಿದ್ನಲ್ಲ, ಓದ್ಬೇಡ ಅಂತ” ಎಂದಳು ಓಪಲ್.

“ನೀನು ಹೇಳಿದ್ದು ಗಂಟಲಿನ ವಿಷಯ.”

“ಮತ್ತೇನು ಹೇಳಬೇಕಿತ್ತು, ಗಂಡನ ವಿಷಯ ಅಂತ ಮೆಟ್ಟಿಲ ಮೇಲೆ ನಿಂತು ಕೂಗಬೇಕಿತ್ತಾ? ನಕಲು ಮಾಡ್ದೆ ಬಿಟ್ಟುಬಿಡೋಣ ಅಂದ್ಕೊಂಡೆ. ನೀನೇ ಬೈತೀಯ ಅನ್ನಿಸ್ತು.”

ಪತ್ರ ಸಿಕ್ಕಿತು. ಮೂರೇ ಸಾಲು. ಈ ಕೆಳಗೆ ಹೆಸರಿಸಿದ ವ್ಯಕ್ತಿ ಗಡುವಿನೊಳಗೆ ಸಂಘದ ಸದಸ್ಯನಾಗಿಲ್ಲ, ಒಪ್ಪಂದದಂತೆ ಕೆಲಸದಿಂದ ತೆಗೆಯುವುದು. ಕೆಳಗೆ ಅವಳ ಸಹಿ. ಪತ್ರದ ಹಿಂದೆ ಗುಂಡುಸೂಜಿಯಲ್ಲಿ ಚುಚ್ಚಿಟ್ಟ ಒಂದು ಚೀಟಿಯಿತ್ತು, ಪೆನ್ಸಿಲಿನಲ್ಲಿ ಬರೆದದ್ದು: ‘ಚಂದಾ ಎಲ್ಲರ ಹಾಗೆ ತಿಂಗಳು ತಿಂಗಳು ಕೊಡುತ್ತೇನೆ. ಆಣೆಯಿಡಲಾರೆ. ದಯಮಾಡಿ ಕೈಯೆತ್ತಲು ಹೇಳಬೇಡಿ. ಕ್ಲೀಟಸ್ ಯಾರ್ನೆಲ್.’ ಚುಚ್ಚಿದವಳು ಅವಳೇ ಆಗಿರಬೇಕು. ಗುಂಡುಸೂಜಿ ತುಕ್ಕು ಹಿಡಿದು ಕಾಗದದಲ್ಲಿ ಕಂದು ಗೆರೆ ಮೂಡಿತ್ತು.

ಮರುದಿನ ಊಟದ ಬಿಡುವಿನಲ್ಲಿ ಆಕೆ ಸೇಂಟ್ ಲೂಯಿಯಲ್ಲಿದ್ದ ಸಂಘದ ವಕೀಲನಿಗೆ ಫೋನು ಮಾಡಿದಳು. ಎಮೆಟನ ವಿಷಯ ಕೇಳುವುದೇ ಅವಳ ಉದ್ದೇಶ. ಹೊರಗೆ ಹಾಕಿದರೆ ಕೆಲಸ ಉಳಿಸಲು ಏನಾದರೂ ದಾರಿಯಿದೆಯೇ ಎಂದು.

“ದಾರಿ ಯಾಕಮ್ಮ ಬೇಕು?” ಎಂದ ವಕೀಲ. “ಸಂಘ ಅವನನ್ನ ಹೊರಗೆ ಹಾಕ್ಲಿ. ಅವನು ಚಂದಾ ಕೊಡ್ತೀನಿ ಅಂದ್ರೆ ಮುಗೀತು, ಕಂಪನಿ ಅವನನ್ನ ಮುಟ್ಟೋ ಹಾಗಿಲ್ಲ. ಕಾನೂನು ಕೇಳೋದು ದುಡ್ಡು ಮಾತ್ರ.”

“ಯಾವತ್ತಿಂದ ಹಾಗಿದೆ ಕಾನೂನು?”

“ನಲವತ್ತೇಳರಿಂದ. ಮೂವತ್ತೊಂದು ವರ್ಷ ಆಯ್ತು.”

ಡೆಲ್ಫಾ ಫೋನಿನ ತಂತಿಯನ್ನು ಬೆರಳಿಗೆ ಸುತ್ತಿಕೊಂಡಿದ್ದಳು. “ಒಬ್ಬ ಚಂದಾ ಕೊಡ್ತೀನಿ, ಆಣೆ ಮಾತ್ರ ಇಡಲ್ಲ ಅಂದಿದ್ದ. ಐವತ್ತೊಂಬತ್ತರಲ್ಲಿ. ನಾವು ತೆಗೆಸಿಬಿಟ್ವಿ” ಎಂದಳು.

ಆ ಕಡೆ ವಕೀಲ ಬಾಗಿಲು ಹಾಕಿದ ಸದ್ದು ಕೇಳಿಸಿತು.

“ಬರವಣಿಗೇಲಿ ಇದೆಯಾ ಅದು?”

“ಇದೆ. ನನ್ನ ಕೈಲಿದೆ.”

“ಹಾಗಾದ್ರೆ ಕೇಳಮ್ಮ. ಅದನ್ನ ಬೀರುವಿನಲ್ಲಿಟ್ಟು ಬೀಗ ಹಾಕು. ನವೆಂಬರ್ ಕಳೆಯೋವರೆಗೂ ಬಾಯಿ ಬಿಡ್ಬೇಡ. ದೇವರಿಗೆ ಹೆದರೋ ಒಬ್ಬ ಮನುಷ್ಯನ್ನ ಸಂಘ ಬೀದಿಗೆ ಹಾಕ್ತು ಅಂತ ಅವರಿಗೆ ಗೊತ್ತಾದ್ರೆ ಟೀವಿ ತುಂಬ ಅದೇ ಇರತ್ತೆ. ಇಡೀ ಸೀಮೇಲಿ ಸೋತುಹೋಗ್ತೀವಿ.”

ಆ ವಾರವೆಲ್ಲ ಡೆಲ್ಫಾ ಅದನ್ನೇ ಲೆಕ್ಕ ಹಾಕಿದಳು. ವಕೀಲನ ಮಾತು ಸುಳ್ಳಾಗಿರಲಿಲ್ಲ. ಎಮೆಟನ ಕೆಲಸ ಹೇಗೂ ಉಳಿಯುತ್ತದೆ, ಸುಮ್ಮನಿದ್ದುಬಿಡಬಹುದು. ಆದರೆ ಭಾನುವಾರ ಅಷ್ಟೂ ಜನ, ಎಮೆಟನ ಅನ್ನ ಕಿತ್ತುಕೊಳ್ಳುತ್ತಿದ್ದೇವೆ ಎಂದು ತಿಳಿದೇ ಸೂಚನೆಯ ಪರವಾಗಿ ಎದ್ದು ನಿಲ್ಲುತ್ತಾರೆ. ಒಮ್ಮೆ ನಿಂತರೆ ಆ ಊರಿನಲ್ಲಿ ಅದು ಅಳಿಸುವ ಮಾತಲ್ಲ. ಕ್ಲೀಟಸನ ಚೀಟಿ ಮತ್ತೆ ಬೀರುವಿನೊಳಗೆ ಹೋದರೆ, ಈ ಸಲ ಮರೆವಿನಿಂದ ಹೋದದ್ದಾಗುವುದಿಲ್ಲ.

ಭಾನುವಾರ ಸೂಚನೆ ಮತಕ್ಕೆ ಬರುವ ಮೊದಲು ಡೆಲ್ಫಾ ಎದ್ದು ನಿಂತಳು. ಹಿಂದಿನ ಸಭೆಯ ನಡವಳಿ ಓದುವ ಅದೇ ದನಿಯಲ್ಲಿ ೧೯೫೯ರ ಪತ್ರ ಓದಿದಳು, ತನ್ನ ಸಹಿಯನ್ನೂ ಓದಿದಳು. ಆಮೇಲೆ ಚೀಟಿ ಓದಿದಳು. ಆಮೇಲೆ ವಕೀಲ ಕಾನೂನಿನ ಬಗ್ಗೆ ಹೇಳಿದ್ದನ್ನೂ, ಬಾಯಿ ಮುಚ್ಚಿಕೊಂಡಿರು ಎಂದದ್ದನ್ನೂ ಹೇಳಿದಳು.

ಕ್ಲೀಟಸನನ್ನು ತೆಗೆಸುವ ಸೂಚನೆಗೆ ೧೯೫೯ರಲ್ಲಿ ಅನುಮೋದನೆ ಕೊಟ್ಟವನು ಬರ್ಲ್. ಅವನ ಕಿವಿ ಕೆಂಪಗಾಗಿತ್ತು.

“ಇದನ್ನ ಇವತ್ತೇ ಓದಬೇಕಿತ್ತಾ ಸೋದರಿ? ನವೆಂಬರ್ ಕಳೀಲಿ ಅಂತ ಕಾಯೋಕಾಗ್ತಿರಲಿಲ್ವಾ?”

“ಹತ್ತೊಂಬತ್ತು ವರ್ಷ ಕಾದಿದ್ದಾಗಿದೆ ಬರ್ಲ್.”

“ನಿನ್ನ ಗಂಡನ್ನ ಉಳಿಸೋಕೆ ನಮ್ಮನ್ನೆಲ್ಲ ಮಾರಿಬಿಟ್ಟೆ” ಎಂದು ಮಧ್ಯದಿಂದ ಒಬ್ಬ ಹೇಳಿದ.

“ನನ್ನ ಗಂಡ ಉಳಿದಾಗಿತ್ತು. ಅದನ್ನೇ ಈಗ ಹೇಳಿದ್ದು. ನಾನು ಇವತ್ತಿಗೂ ಅವನ ಸಹಿ ಒಪ್ಪಲ್ಲ. ನವೆಂಬರ್‌ನಲ್ಲಿ ಬೇಡ ಅಂತ್ಲೇ ವೋಟು ಹಾಕ್ತೀನಿ, ಮನೆಮನೆಗೂ ಹೋಗಿ ಹಾಕಿ ಅಂತೀನಿ. ಆದ್ರೆ ಇಂಥ ಪತ್ರ ಇನ್ನೊಂದು ಬರೆಯಲ್ಲ. ಬೇಕಾದೋರು ಬರ್ಕೊಳ್ಳಿ.”

ನಡವಳಿ ಪುಸ್ತಕವನ್ನೂ ಪೆನ್ನನ್ನೂ ಮೇಜಿನ ಮೇಲಿಟ್ಟು ಹೋಗಿ ಹಿಂದಿನ ಬೆಂಚಿನಲ್ಲಿ ಎಮೆಟನ ಪಕ್ಕ ಕೂತಳು. ಅವನು ಕೈ ಹಿಡಿಯಲಿಲ್ಲ, ಸ್ವಲ್ಪ ಸರಿದು ಜಾಗ ಕೊಟ್ಟ. ಓಪಲ್ ಎದ್ದುಹೋಗಿ ಪುಸ್ತಕ ತೆರೆದಳು. ಸೂಚನೆಯ ಪರವಾಗಿ ನಿಂತವರು ಹದಿನಾಲ್ಕು ಜನ. ಬರ್ಲ್ ನಿಲ್ಲಲಿಲ್ಲ.

ಇನ್ನೂರು ಜನ ಕೇಳಿದ ಮಾತು ಗುಟ್ಟಾಗಿ ಉಳಿಯುವುದುಂಟೇ. ಹತ್ತು ದಿನದೊಳಗೆ ತಿದ್ದುಪಡಿಯ ಪ್ರಚಾರದವನೊಬ್ಬ ಕಾರಿನಲ್ಲಿ ಕ್ಯಾಮರಾ ಇಟ್ಟುಕೊಂಡು ಹೊಳೆ ದಾಟಿ ದಿಬ್ಬ ಹತ್ತಿದನೆಂದು ಸುದ್ದಿ ಬಂತು. ಇನ್ನು ಮುಗಿಯಿತು ಎಂದುಕೊಂಡಳು ಡೆಲ್ಫಾ. ಮುಂದಿನ ಶನಿವಾರ ಗಂಡಹೆಂಡಿರು ಕ್ಲೀಟಸನ ಮನೆಗೆ ಹೋದರು. ಹತ್ತೊಂಬತ್ತು ವರ್ಷದಲ್ಲಿ ಎಮೆಟ್ ಕೂಡ ಹೋಗಿರಲಿಲ್ಲ. ಹೋಗಲು ಮುಖವಿರಲಿಲ್ಲ ಎಂದ.

ಕ್ಲೀಟಸ್ ಅಂಗಳದಲ್ಲಿ ಸಿಹಿಜೋಳದ ದಂಟು ಅರೆದು, ನಮ್ಮ ಆಲೆಮನೆಯವರ ಹಾಗೆಯೇ ಕೊಪ್ಪರಿಗೆಯಲ್ಲಿ ಪಾಕ ಕಾಯಿಸುತ್ತಿದ್ದ. ಡೆಲ್ಫಾ ತಾನು ಯಾರೆಂದು ಹೇಳಿ, ಆ ಚೀಟಿಯನ್ನು ಮುಂದೆ ಹಿಡಿದು, ತಪ್ಪಾಯಿತು ಎಂದಳು. ಅವನು ಚೀಟಿಯನ್ನು ಓದಿ ವಾಪಸು ಕೊಟ್ಟ.

“ನಿನ್ನೆ ಮೊನ್ನೆ ಒಬ್ಬ ಬಂದಿದ್ದನಮ್ಮ, ಟೀವಿಯವನು” ಎಂದ. “ನನ್ನ ಕಥೆ ಹೇಳು ಅಂದ. ನನ್ನ ಜಗಳ ಆಣೆ ಜೊತೆಗಿತ್ತು, ಸಂಘದ ಜೊತೆ ಅಲ್ಲಪ್ಪ ಅಂದೆ. ನೊರೆ ತೆಗೆಯೋಕೆ ಸ್ವಲ್ಪ ಕೈ ಹಾಕು ಅಂದೆ. ಹೊರಟುಹೋದ.”

“ನಾನು ನಿನಗೋಸ್ಕರ ಸಹಿ ಹಾಕಿದೆ ಕ್ಲೀಟಸ್” ಎಂದ ಎಮೆಟ್.

“ಯಾತಕ್ಕೆ?”

“ನವೆಂಬರ್‌ನಲ್ಲಿ ವೋಟಿಗೆ ಬರ್ತಿರೋದಕ್ಕೆ.”

“ಓ, ಅದಾ. ನಾವು ವೋಟು ಹಾಕೋರಲ್ಲ ಎಮೆಟ್. ನಮ್ಮ ಸಭೇಲಿ ಅದೂ ಇಲ್ಲ.”

ಆ ಹೊತ್ತು ಗಂಡನ ಮುಖ ನೋಡಿ ತನಗೆ ನಗು ಬಂತೆಂದೂ, ಇಪ್ಪತ್ತು ದಿನದ ಮೇಲೆ ಬಂದ ಮೊದಲ ನಗುವೆಂದೂ ಡೆಲ್ಫಾ ಹೇಳುತ್ತಾಳೆ. ಆದರೆ ಅದು ಬಾಗಿಲವರೆಗೂ ಉಳಿಯಲಿಲ್ಲ. ಅಲ್ಲಿ ಕ್ಲೀಟಸನ ಹೆಂಡತಿ ಐನಾ ನಿಂತಿದ್ದಳು. ಐವತ್ತೊಂಬತ್ತರ ಚಳಿಗಾಲದಲ್ಲಿ ಬಸುರಿ ಹೆಂಗಸು ಊರವರ ಬಟ್ಟೆ ಒಗೆದು ಮನೆ ನಡೆಸಿದ್ದಳು.

“ನಿಮ್ಮ ಅಕ್ಷರ ನನಗೆ ಗೊತ್ತು ಮಿಸೆಸ್ ಸ್ಟ್ರೌಡ್” ಎಂದಳು ಐನಾ. “ಆ ಪತ್ರದ ಒಂದು ಪ್ರತಿ ಕಂಪನಿಯೋರು ನಮಗೂ ಕೊಟ್ಟಿದ್ರು. ತುಂಬ ಚೆನ್ನಾಗಿದೆ ಅಕ್ಷರ.”

ಅಷ್ಟು ಹೇಳಿ ಒಳಗೆ ಹೋದಳು. ಡೆಲ್ಫಾ ಮೆಟ್ಟಿಲ ಮೇಲೆ ಕಲ್ಲಾಗಿ ನಿಂತಳು. ಎಮೆಟ್ ಬಂದು ಕರೆಯುವವರೆಗೂ ನಿಂತೇ ಇದ್ದಳು.

ನವೆಂಬರಿನಲ್ಲಿ ತಿದ್ದುಪಡಿ ಬಿದ್ದುಹೋಯಿತು. ಹತ್ತರಲ್ಲಿ ಆರು ಜನ ಬೇಡವೆಂದಿದ್ದರು. ಗಂಡಹೆಂಡಿರು ಒಂದೇ ಕಾರಿನಲ್ಲಿ ಹೋಗಿ ವೋಟು ಹಾಕಿ ಬಂದರು. ಎಮೆಟ್ ಏನು ಹಾಕಿದನೆಂದು ಡೆಲ್ಫಾ ಕೇಳಲಿಲ್ಲ. ಚಳಿಗಾಲ ಮುಗಿಯುವುದರೊಳಗೆ ಸಂಘಕ್ಕೆ ಸೇರುವವರು ಕೈಯೆತ್ತುವುದು ಅವರವರ ಇಷ್ಟವೆಂದು ಬರ್ಲನೇ ನಿಯಮ ಬದಲಿಸಿದ. ಎಮೆಟ್ ಮೂರು ವರ್ಷ ಕಳೆದು ಪಿಂಚಣಿ ಪಡೆದ. ೧೯೮೫ರಲ್ಲಿ ಕಾರ್ಖಾನೆಯೇ ಮುಚ್ಚಿತು. ಯಂತ್ರಗಳನ್ನು ಲಾರಿಗೆ ಹೇರುವಾಗ ಸಂಘದವರೂ ಅಲ್ಲದವರೂ ಒಟ್ಟಿಗೆ ನಿಂತು ನೋಡಿದರು.

ಈಗ ಡೆಲ್ಫಾಳಿಗೆ ಅರವತ್ತೈದು ದಾಟಿದೆ. ಶನಿವಾರ ಬೆಳಗಾದರೆ ಅವರ ಹಳೆಯ ಕಾರು ಹೊಳೆ ದಾಟುತ್ತದೆ. ಗಂಡಸರಿಬ್ಬರೂ ಕೊಟ್ಟಿಗೆಯಲ್ಲಿ ಏನನ್ನೋ ಬಿಚ್ಚಿ ಜೋಡಿಸುತ್ತ ಕೂರುತ್ತಾರೆ. ಡೆಲ್ಫಾ ಹಿಂದಿನ ಜಗಲಿಯಲ್ಲಿ ಐನಾಳ ಜೊತೆ ಕೂತು ಹುರುಳಿಕಾಯಿಯ ನಾರು ತೆಗೆಯುತ್ತಾಳೆ. ಮೊದಲ ಎರಡು ವರ್ಷ ಐನಾ ಅವಳಿಗೆ ಕುರ್ಚಿ ಹಾಕಿರಲಿಲ್ಲ. ಡೆಲ್ಫಾ ಮೆಟ್ಟಿಲ ಮೇಲೇ ಕೂರುತ್ತಿದ್ದಳು. ಮೂರನೆಯ ವರ್ಷ ಕುರ್ಚಿ ಬಂತು. ಹದಿನೈದು ವರ್ಷವಾದರೂ ಐನಾಳ ಬಾಯಲ್ಲಿ ‘ಡೆಲ್ಫಾ’ ಎಂಬ ಹೆಸರು ಬಂದಿಲ್ಲ.

ಮೊನ್ನೆ ನಾನೂ ಜೊತೆಗೆ ಹೋಗಿದ್ದೆ. ಐನಾ ಬುಟ್ಟಿಯನ್ನು ಮುಂದಕ್ಕೆ ತಳ್ಳಿ, “ನಾರು ಉಳಿದಿದೆ ನೋಡಿ ಮಿಸೆಸ್ ಸ್ಟ್ರೌಡ್” ಎಂದಳು. ಡೆಲ್ಫಾ ಕನ್ನಡಕ ಸರಿಮಾಡಿಕೊಂಡು ಆ ಕಾಯಿಗಳನ್ನು ಮೊದಲಿನಿಂದ ಬಿಡಿಸತೊಡಗಿದಳು.